ಪಟ್ಟಿಯಲ್ಲಿ ತೌಡು ಇರಲಿಲ್ಲ

ಮೊದಲು ಕ್ಷಮೆ ಕೇಳಬೇಕು. ಈ ಅಕ್ಷರಗಳು ಗೆರೆ ಬಿಟ್ಟು ಮೇಲೆ ಕೆಳಗೆ ಓಡಾಡುತ್ತವೆ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳ ಕೈಬರಹ, ಅದೂ ಮಸಿ ಕಾರುವ ಪೆನ್ನಿನದು. ಪದಗಳೂ ಅಷ್ಟೇ, ಸಿಕ್ಕವು ಇವೇ. ಆದರೆ ತಿಳಿಯದ್ದನ್ನು ಬರೆದಿಲ್ಲ. ಸುಂಕಲಮ್ಮ ಹೇಳಿದ್ದನ್ನು ಅವಳ ಬಾಯಿಂದಲೇ ಎರಡು ಸಲ ಕೇಳಿ, ನಮ್ಮ ಅವ್ವ ಚನ್ನವೀರಮ್ಮ ಕಂಡದ್ದನ್ನು ಅವ್ವನಿಂದ ಕೇಳಿ, ಎರಡೂ ಹೊಂದಿದ್ದನ್ನು ಇಲ್ಲಿ ಇಟ್ಟಿದ್ದೇನೆ. ಹೊಂದದ ಕಡೆ ಸುಂಕಲಮ್ಮನ ಮಾತನ್ನೇ ಹಿಡಿದಿದ್ದೇನೆ, ಯಾಕೆಂದರೆ ಆ ದಿನ ನಮ್ಮ ಅವ್ವ ಸಿಟ್ಟಿನಲ್ಲಿದ್ದಳು. ಸಿಟ್ಟಿಗೆ ಕಾರಣ ಮುಂದೆ ಬರುತ್ತದೆ.

ಸುಂಕಲಮ್ಮ ನಮ್ಮೂರು ಕುರುಗೋಡಿನವಳೇ. ಅವಳ ಕೆಲಸ ಕಲ್ಲು ಕಟೆಯುವುದು. ವಿಗ್ರಹಗಳನ್ನಲ್ಲ, ಬೀಸುವ ಕಲ್ಲುಗಳನ್ನು. ಬೀಸಿ ಬೀಸಿ ಕಲ್ಲಿನ ಮುಖ ನುಣುಪಾದರೆ ಜೋಳ ಹಿಟ್ಟಾಗದೆ ಜಾರಿಕೊಂಡು ಹೊರಗೆ ಬರುತ್ತದೆ. ಆಗ ಮೇಲಿನ ಕಲ್ಲನ್ನು ಎತ್ತಿ ಮಗುಚಿ, ಎರಡೂ ಕಲ್ಲಿನ ಮುಖಕ್ಕೆ ಉಳಿ ಇಟ್ಟು, ಸುತ್ತಿಗೆಯಿಂದ ಸಣ್ಣ ಸಣ್ಣ ಕಚ್ಚು ಹೊಡೆಯಬೇಕು. ನೋಡುವವರಿಗೆ ಕೋಳಿ ಕಾಳು ಹೆಕ್ಕಿದಂತೆ ಕಾಣುತ್ತದೆ. ಮಾಡುವವರಿಗೆ ಸಂಜೆಯ ಹೊತ್ತಿಗೆ ಬೆನ್ನು ಎಲ್ಲಿದೆಯೆಂದು ಚೆನ್ನಾಗಿ ತಿಳಿಯುತ್ತದೆ.

ಕಚ್ಚು ಹೊಡೆದ ಮೇಲೆ ಇನ್ನೊಂದು ಕೆಲಸವಿದೆ. ಹೊಸ ಕಚ್ಚಿನ ಸಂದಿಯಲ್ಲಿ ಕಲ್ಲಿನ ಪುಡಿ ಕೂತಿರುತ್ತದೆ. ಗುಡಿಸಿದರೆ ಹೋಗುವುದಿಲ್ಲ, ತೊಳೆದರೂ ಪೂರ್ತಿ ಹೋಗುವುದಿಲ್ಲ. ತೌಡು ಹಾಕಿ ಮೂರು ಸಲ ಬೀಸಬೇಕು. ಆ ತೌಡನ್ನು ತಿಪ್ಪೆಗೆ ಚೆಲ್ಲಬೇಕು. ದನಕ್ಕೂ ಹಾಕಬಾರದು. ‘ಅದಕ್ಕೂ ಹಲ್ಲು ಅದಾವ’ ಎನ್ನುತ್ತಾಳೆ ಸುಂಕಲಮ್ಮ.

ಇದನ್ನು ಅವಳು ಕಲಿತದ್ದು ಹದಿನೇಳನೇ ವಯಸ್ಸಿನಲ್ಲಿ, ಸಿರುಗುಪ್ಪದ ಒಂದು ದೊಡ್ಡ ಮನೆಯಲ್ಲಿ. ಅವತ್ತು ಬಸ್ಸು ತಪ್ಪೀತೆಂದು ತೌಡು ಬೀಸದೆ ಹೊರಟುಬಂದಿದ್ದಳು. ಮರುವಾರ ಹೋದಾಗ ಆ ಮನೆಯ ಹಿರಿಯಾಕೆ ಒಂದು ಮಾತೂ ಬೈಯಲಿಲ್ಲ. ಮಣೆ ಹಾಕಿ ಕೂರಿಸಿ, ಆ ಕಲ್ಲಿನ ಹಿಟ್ಟಿನಿಂದಲೇ ಬಡಿದ ರೊಟ್ಟಿಯನ್ನು ತುಪ್ಪ ಹಾಕಿ ಮುಂದಿಟ್ಟು, ಪೂರ್ತಿ ತಿನ್ನುವ ತನಕ ಎದುರಿಗೇ ಕೂತಳು. ಒಂದೊಂದು ತುತ್ತೂ ಹಲ್ಲಿನಲ್ಲಿ ಕರಕರ ಎಂದಿತಂತೆ. “ತುಪ್ಪ ಮಾತ್ರ ಭಾಳ ಚಲೋ ಇತ್ತು” ಎಂದು ಸುಂಕಲಮ್ಮ ಈಗಲೂ ನೆನೆಯುತ್ತಾಳೆ. ಅವತ್ತಿನಿಂದ ಅವಳ ಚೀಲದಲ್ಲಿ ಉಳಿಯ ಜೊತೆಗೆ ತೌಡಿನ ಗಂಟು ಇಲ್ಲದ ದಿನವಿಲ್ಲ.

ಒಂದು ಕಾಲಕ್ಕೆ ಅವಳಿಗೆ ನೂರಕ್ಕೂ ಹೆಚ್ಚು ಮನೆಗಳಿದ್ದವು. ಕುರುಗೋಡು, ಸಿರುಗುಪ್ಪ, ಬಳ್ಳಾರಿಯ ಬ್ರೂಸ್‌ಪೇಟೆಯ ಓಣಿಗಳು, ದಾರಿಯಲ್ಲಿ ಕೊಳಗಲ್ಲು. ಆಮೇಲೆ ಕರೆಂಟು ಬಂತು, ಕರೆಂಟಿನ ಹಿಂದೆಯೇ ಹಿಟ್ಟಿನ ಗಿರಣಿ ಬಂತು. ಜನ ಡಬ್ಬಿ ಹೊತ್ತು ಗಿರಣಿಯ ಮುಂದೆ ಸಾಲು ನಿಂತರು. ಬಳ್ಳಾರಿ ಕಂಟೋನ್ಮೆಂಟಿನ ಒಬ್ಬ ಅಮ್ಮನವರು ತಮ್ಮ ಬೀಸುವ ಕಲ್ಲನ್ನು ವರಾಂಡದಲ್ಲಿಟ್ಟು, ಅದರ ಮೇಲೆ ಹೂಕುಂಡ ಕೂರಿಸಿ, “ಕಲ್ಲು ಹೆಂಗ ಕಾಣ್ತೈತಿ ಸುಂಕಲಮ್ಮ?” ಎಂದು ಇವಳನ್ನೇ ಕೇಳಿದರು. “ಆರಾಮ ಕುಂತೈತ್ರೆವ್ವಾ, ಕೆಲಸ ಇಲ್ಲದ ಗಂಡಸಿನಂಗ” ಎಂದು ಹೇಳಿ ಬಂದಳು.

ಹೀಗೆ ಕಳೆದು ಕಳೆದು 1979ರ ಹೊತ್ತಿಗೆ ಹನ್ನೊಂದು ಮನೆ ಉಳಿದವು. ಕುರುಗೋಡಿನಲ್ಲಿ ನಮ್ಮದೂ ಸೇರಿ ಆರು, ಸಿರುಗುಪ್ಪದಲ್ಲಿ ಮೂರು, ಬ್ರೂಸ್‌ಪೇಟೆಯಲ್ಲಿ ಎರಡು. ಅವರು ಇವಳನ್ನು ಬಿಡದಿದ್ದುದಕ್ಕೆ ಕಾರಣ ಒಂದೇ: ಸುಂಕಲಮ್ಮ ಕಟೆದ ಕಲ್ಲಿನ ಹಿಟ್ಟಿನಲ್ಲಿ ಹರಳು ಬರುವುದಿಲ್ಲ. ಆ ಮಾತೊಂದು ಹೋದರೆ ಹನ್ನೊಂದೂ ಹೋಗುತ್ತವೆಂದು ಅವಳಿಗೆ ಗೊತ್ತಿತ್ತು.

ಅದು ಮಕ್ಕಳ ವರ್ಷವೆಂದು ಸರ್ಕಾರ ಸಾರಿದ್ದ ವರ್ಷ. ಮಕ್ಕಳಿಗೆ ಏನಾದರೂ ಮಾಡಲೇಬೇಕಿತ್ತು. ನಮ್ಮೂರಿನ ಒಂದು ಶಾಲೆಯ ಸಮಿತಿ ಕೂತು ಯೋಚಿಸಿ ‘ಪರಂಪರೆ ದಿನ’ ಮಾಡುವುದೆಂದು ತೀರ್ಮಾನಿಸಿತು. ಹಿಂದಿನವರು ಬಳಸುತ್ತಿದ್ದ ಸಾಮಾನುಗಳನ್ನು ಮಕ್ಕಳು ಕೈಯಾರೆ ಮುಟ್ಟಿ, ತಿರುವಿ, ಕುಟ್ಟಿ ನೋಡಬೇಕು. ಅಪ್ಪ ಅವ್ವಂದಿರೂ ಬರಬೇಕು. ಸಮಿತಿಯ ಅಧ್ಯಕ್ಷರು ತಿಪ್ಪೇರುದ್ರಪ್ಪನವರು. ಊರಿನ ಹಿಟ್ಟಿನ ಗಿರಣಿ ಅವರದೇ. ಬೀಸುವ ಕಲ್ಲನ್ನು ಹಿಂದಿನವರ ಸಾಮಾನು ಮಾಡಿದವರು ಅವರೇ ಆದ್ದರಿಂದ ಅದನ್ನು ಸನ್ಮಾನಿಸುವ ಹಕ್ಕೂ ಅವರಿಗೇ ಸೇರಬೇಕೆಂಬುದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ.

ಪ್ರದರ್ಶನಕ್ಕೆ ಬೀಸುವ ಕಲ್ಲು ಬೇಕಾಯಿತು. ನಮ್ಮ ಮನೆಯದನ್ನು ಒಯ್ದರು. ಎರಡು ದಿನ ಬಿಟ್ಟು ನಮ್ಮ ಅವ್ವ ನೋಡಲು ಹೋದರೆ, ಕಲ್ಲಿಗೆ ಕೆಂಪು ಬಿಳಿ ಪಟ್ಟೆ ಎಳೆದು ಎಣ್ಣೆ ಬಣ್ಣ ಬಳಿದಿದ್ದರು. ಒಳಗಿನ ಮುಖಕ್ಕೆ ಬಳಿದಿರಲಿಲ್ಲ, ಬಣ್ಣದ ಡಬ್ಬಿ ಅಷ್ಟಕ್ಕೇ ಮುಗಿದಿತ್ತು. ಅವ್ವನ ಸಿಟ್ಟು ಶುರುವಾದದ್ದು ಅಲ್ಲಿ.

ಕಲ್ಲಿನ ಮುಖ ನುಣುಪಾಗಿತ್ತು. ಮಕ್ಕಳ ಎದುರಿಗೇ ಕಟೆಸಿದರೆ ಅದೂ ಒಂದು ಪ್ರದರ್ಶನವಾಗುತ್ತದೆಂದು ಸುಂಕಲಮ್ಮನನ್ನು ಕರೆಸಿದರು. ಹೆಡ್‌ಮಾಸ್ತರ್ ಮರಿಬಸಪ್ಪನವರು ಬಳ್ಳಾರಿಯಿಂದ ಅಚ್ಚಾಗಿ ಬಂದ ಕಾರ್ಯಕ್ರಮದ ಪಟ್ಟಿಯನ್ನು ಓದಿ ಹೇಳಿದರು. ಹತ್ತೂವರೆಗೆ ಕಲ್ಲು ಕಟೆಯುವ ಪ್ರಾತ್ಯಕ್ಷಿಕೆ. ಹತ್ತೂಮುಕ್ಕಾಲಿಗೆ ಮಕ್ಕಳಿಂದ ಜೋಳ ಬೀಸುವಿಕೆ. ಹನ್ನೊಂದಕ್ಕೆ ಮುಖ್ಯ ಅತಿಥಿಗಳಿಂದ ರೊಟ್ಟಿ ಸವಿಯುವಿಕೆ. ನಮ್ಮ ಪೂರ್ವಿಕರು ಕಾಲು ತಾಸಿನಲ್ಲಿ ಜೋಳವನ್ನು ರೊಟ್ಟಿ ಮಾಡಿ ಮುಗಿಸುತ್ತಿದ್ದರೆಂಬುದು ಆ ಪಟ್ಟಿಯಿಂದಲೇ ನಮಗೆಲ್ಲ ತಿಳಿದದ್ದು.

“ಸರ, ತೌಡು ಯಾವಾಗ ಹಾಕಾದು?” ಎಂದಳು ಸುಂಕಲಮ್ಮ.

“ಯಾವ ತೌಡು?”

ಅವಳು ವಿವರಿಸಿದಳು. ಮಾಸ್ತರು ಪಟ್ಟಿಯನ್ನು ಮೇಲಿನಿಂದ ಕೆಳಗೆ, ಮತ್ತೆ ಹಿಂದಿನ ಪುಟವನ್ನೂ ನೋಡಿದರು. “ಪಟ್ಟ್ಯಾಗ ತೌಡು ಇಲ್ಲಲ್ಲ ಸುಂಕಲಮ್ಮ. ಅಚ್ಚಾಗಿ ಬಂದೈತಿ. ಈಗ ಎಲ್ಲಿ ತುರುಕ್ಲಿ?”

“ಪಟ್ಟ್ಯಾಗ ಬ್ಯಾಡ್ರಿ ಸರ, ಕಲ್ಲಿನ್ಯಾಗ ಹಾಕ್ತೀನಿ.”

ತಿಪ್ಪೇರುದ್ರಪ್ಪನವರು ಪಕ್ಕದಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. “ಹುಡುಗ್ರು ಉಳಿ ಸಪ್ಪಳ ಕೇಳ್ಲಿ, ಫೋಟೋ ತೆಗಸೋಣು. ರೊಟ್ಟಿ ಚಿಂತಿ ನಿನಗ್ಯಾಕ? ಅದು ನನಗ ಬಿಡು” ಎಂದರು.

“ಹರಳು ಬಂದ್ರ ಹೆಸರು ಯಾರ್ದು ಕೆಡ್ತೈತ್ರಿ ಸಾವ್ಕಾರ್ರ? ನಿಮ್ದಲ್ಲ.”

“ಬರಂಗಿಲ್ಲ ಅಂದ್ನೆಲ್ಲ!”

ಅವರು ಅಷ್ಟು ಧೈರ್ಯವಾಗಿ ಹೇಗೆ ಹೇಳಿದರೆಂದು ಅವಳಿಗೆ ಅರ್ಥವಾಗಲಿಲ್ಲ. ಮನೆಗೆ ಹೋದವಳೇ ಎಂದಿನದಕ್ಕೆ ಎರಡರಷ್ಟು ತೌಡು ಗಂಟು ಕಟ್ಟಿದಳು.

ಪರಂಪರೆ ದಿನ ಬಂತು. ಸಿರುಗುಪ್ಪದಿಂದ, ಬಳ್ಳಾರಿಯಿಂದ ಶಾಲೆಯ ಮಕ್ಕಳ ಮನೆಯವರು, ನೆಂಟರು ಬಂದರು. ಸಮಿತಿಯ ವರದಿಯಲ್ಲಿ ಸಾವಿರ ಜನ ಎಂದಿದೆ. ಕುರ್ಚಿಗಳನ್ನು ಎಣಿಸಿ ನೋಡಿದರೆ ಇನ್ನೂರೈವತ್ತು ಇರಬಹುದು. ಮೈದಾನದ ಸುತ್ತ ಚಪ್ಪರ ಹಾಕಿ ಸಾಮಾನು ಜೋಡಿಸಿದ್ದರು. ಒಂದು ಕಡೆ ಬೇವಿನ ಮರಕ್ಕೆ ಬಾವಿಯ ರಾಟೆ ಕಟ್ಟಿದ್ದರು. ಕೆಳಗೆ ಬಾವಿ ಇರಲಿಲ್ಲ. ಮಕ್ಕಳು ಖಾಲಿ ಕೊಡವನ್ನು ನೆಲದಿಂದ ಮರಕ್ಕೆ ಸೇದಿ ಮರದಿಂದ ನೆಲಕ್ಕೆ ಬಿಡುತ್ತಿದ್ದರು. ಇನ್ನೊಂದು ಕಡೆ ಕಡಗೋಲು. ಮೊಸರು ಯಾರೋ ಬೆಳಿಗ್ಗೆಯೇ ಉಂಡಿದ್ದರಿಂದ ನೀರನ್ನು ಕಡೆಯಲು ಹೇಳಿದ್ದರು. ಮೂರನೇ ತರಗತಿಯವರು ಅರ್ಧ ಗಂಟೆ ಶ್ರದ್ಧೆಯಿಂದ ನೀರು ಕಡೆದು, ಬೆಣ್ಣೆ ಬರಲಿಲ್ಲವೆಂದು ಬೇಸರ ಮಾಡಿಕೊಂಡರು.

ಒನಕೆಯ ಮುಂದೆ ‘ಪುರಾತನ ಸಾಧನ’ ಎಂಬ ಚೀಟಿ ಇತ್ತು. ಬೆಳಿಗ್ಗೆ ತಾನೇ ಮನೆಯಲ್ಲಿ ಒನಕೆಯಿಂದ ಮೆಣಸಿನಕಾಯಿ ಕುಟ್ಟಿ ಸೀನುತ್ತ ಬಂದಿದ್ದ ಹುಡುಗಿಯರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ರೊಟ್ಟಿ ಬಡಿಯಲು ಬಂದಿದ್ದ ಕೊಟ್ರಬಸಮ್ಮ ಅದನ್ನು ಓದಿಸಿಕೊಂಡು, “ನಂದೂ ಒಂದು ಚೀಟಿ ಬರದು ಹಚ್ಚರಿ ಸರ, ನಾನೂ ಇನ್ನೂ ಕುಟ್ತೀನಿ” ಎಂದಳು. ಮಾಸ್ತರು ನಕ್ಕರು, ಅದು ಪಟ್ಟಿಯಲ್ಲಿರಲಿಲ್ಲ.

ಹತ್ತೂವರೆಗೆ ಸುಂಕಲಮ್ಮ ಪಟ್ಟೆಪಟ್ಟೆ ಕಲ್ಲಿನ ಮುಂದೆ ಕೂತಳು. ಮಕ್ಕಳು ಸುತ್ತುವರಿದರು. ಅವಳ ಹನ್ನೊಂದು ಮನೆಗಳಲ್ಲಿ ಒಂಬತ್ತರ ಹೆಂಗಸರು ಅಲ್ಲಿದ್ದರು. ಅವರನ್ನೊಮ್ಮೆ ಎಣಿಸಿ ನೋಡಿ ಉಳಿಯನ್ನು ಕಲ್ಲಿಗಿಟ್ಟಳು. ಠಣ್ ಠಣ್ ಎಂದು ನಡುವಿನಿಂದ ಅಂಚಿಗೆ ಸಾಲಾಗಿ ಕಚ್ಚು ಬಿದ್ದವು. ಫೋಟೋ ತೆಗೆದರು. ಫೋಟೋದಲ್ಲಿ ತಿಪ್ಪೇರುದ್ರಪ್ಪನವರು ಉಳಿ ಹಿಡಿದಿದ್ದಾರೆ, ಸುಂಕಲಮ್ಮನ ಮೊಣಕೈ ಕಾಣುತ್ತದೆ.

ಕೆಲಸ ಮುಗಿಯುವ ಹೊತ್ತಿಗೆ ಹನ್ನೊಂದು ದಾಟಿತ್ತು, ಮುಖ್ಯ ಅತಿಥಿಗಳು ಮಾತ್ರ ಬಂದಿರಲಿಲ್ಲ. ಅತಿಥಿಗಳು ತಡವಾಗಿ ಬರುವುದೂ ನಮ್ಮ ಪರಂಪರೆಯೇ ಆದ್ದರಿಂದ ಯಾರೂ ಗಾಬರಿಯಾಗಲಿಲ್ಲ. ಅವರು ಬರುವ ತನಕ ಮಕ್ಕಳಿಗೆ ಕೆಲಸ ಬೇಕಲ್ಲ? ಸುಂಕಲಮ್ಮ ತೌಡಿನ ಗಂಟು ಬಿಚ್ಚಿದಳು.

“ಹಾಕು, ಹಾಕು” ಎಂದರು ಮರಿಬಸಪ್ಪ ಮಾಸ್ತರು ಕೈಗಡಿಯಾರ ನೋಡುತ್ತ. “ಹುಡುಗ್ರು ಗದ್ಲ ಮಾಡದಿದ್ರ ಸಾಕು.”

ಹೀಗೆ ಅತಿಥಿ ಸಾಹೇಬರ ತಡದ ದಯೆಯಿಂದ ತೌಡಿಗೆ ಜಾಗ ಸಿಕ್ಕಿತು. ಮಕ್ಕಳು ಇಬ್ಬಿಬ್ಬರಾಗಿ ಗೂಟ ಹಿಡಿದು ತಿರುಗಿಸಿದರು. ಅವಳು ಒಂದೊಂದು ಹಿಡಿ ಹಾಕುತ್ತ, “ಮೆಲ್ಲಕ, ಯಪ್ಪಾ, ಓಡಬ್ಯಾಡ. ಅದು ಬಂಡಿ ಗಾಲಿ ಅಲ್ಲ” ಎನ್ನುತ್ತಿದ್ದಳು. ಮೂರು ಸಲ ಬೀಸಬೇಕಾದ್ದು ಮಕ್ಕಳ ಆಸೆಗೆ ಐದು ಸಲವಾಯಿತು. ಬೂದಿಬಣ್ಣದ ತೌಡನ್ನು ಬಳಿದು ತಿಪ್ಪೆಗೆ ಹಾಕಿಸಿದಳು. ಕಲ್ಲು ಒರೆಸಿ, ಜೋಳ ಹಾಕಿಸಿದಳು. ಅರ್ಧ ಹಿಟ್ಟು ಮಕ್ಕಳ ಅಂಗಿಗೆ, ಕಾಲು ಭಾಗ ನೆಲಕ್ಕೆ ಹೋಗಿ ಉಳಿದದ್ದು ಬಿದಿರಿನ ಮೊರಕ್ಕೆ ಬಂತು. ಸಮಿತಿಯವರು ಅದನ್ನು ಮೇಜಿನ ಮೇಲೆ ಇಟ್ಟು ಅರಿಶಿನ ಕುಂಕುಮ ಹಚ್ಚಿದರು. ಪೂಜೆಗಿರಬೇಕು ಎಂದುಕೊಂಡಳು ಸುಂಕಲಮ್ಮ.

ಒಂದು ಗಂಟೆಗೆ ಕಂಟೋನ್ಮೆಂಟಿನಿಂದ ಅತಿಥಿ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಕೈಕೆಲಸ ಎಷ್ಟು ದೊಡ್ಡದೆಂದು ಮುಕ್ಕಾಲು ತಾಸು ಕೈ ಕಟ್ಟಿಕೊಂಡು ಭಾಷಣ ಮಾಡಿದರು. ಆಮೇಲೆ ಊಟ. ಬೆಳ್ಳಿ ತಟ್ಟೆಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. “ಇದು ನಮ್ಮ ಮಕ್ಕಳು ಕೈಯಾರೆ ಬೀಸಿದ ಹಿಟ್ಟಿನ ರೊಟ್ಟಿ” ಎಂದು ಮೈಕಿನಲ್ಲಿ ಸಾರಿದರು. ಸಾಹೇಬರು ಒಂದು ತುತ್ತು ಮುರಿದು ಬಾಯಿಗಿಟ್ಟು ಅಗಿದರು.

ಮೈಕು ಹತ್ತಿರವೇ ಇತ್ತು. ‘ಕರಕ್’ ಎಂದದ್ದು ಮೈದಾನಕ್ಕೆಲ್ಲ ಕೇಳಿಸಿತು.

ಸಾಹೇಬರು ದವಡೆ ಹಿಡಿದುಕೊಂಡರು. ತಿಪ್ಪೇರುದ್ರಪ್ಪನವರು ನೀರಿನ ಲೋಟ ಕೊಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು: “ಏನ್ ಮಾಡಾದ್ರಿ ಸಾಹೇಬ್ರ, ಕೈಕಲ್ಲಿನ ಹಣೇಬರಾನ ಅಷ್ಟು. ಹರಳು ಬರ್ತೈತಿ. ಅದಕ್ಕ ಜನ ಗಿರಣಿಗೆ ಬರ್ತಾರ.”

ಇನ್ನೂರೈವತ್ತು ಮುಖಗಳು ಸುಂಕಲಮ್ಮನ ಕಡೆ ತಿರುಗಿದವು. ಅವಳು ನೋಡಿದ್ದು ಒಂಬತ್ತನ್ನು ಮಾತ್ರ. ಬ್ರೂಸ್‌ಪೇಟೆಯ ಅಕ್ಕನಾಗಮ್ಮ ಸೆರಗು ಬಾಯಿಗೆ ಹಿಡಿದುಕೊಂಡಿದ್ದಳು. ಸಿರುಗುಪ್ಪದವರಿಬ್ಬರು ತಲೆ ಹತ್ತಿರ ತಂದು ಏನೋ ಹೇಳಿಕೊಂಡರು. ಹದಿನೇಳನೇ ವಯಸ್ಸಿನ ಆ ತುಪ್ಪದ ರುಚಿ ಅವಳ ಗಂಟಲಿಗೆ ಬಂತಂತೆ. ಮೂರು ಸಲದ ಜಾಗದಲ್ಲಿ ಐದು ಸಲ ಬೀಸಿದರೂ ಹರಳು ಬಂತೇ? ಕಣ್ಣು ಮಂಜಾಗಿ ಯಾವ ಕಚ್ಚಾದರೂ ಹೆಚ್ಚು ಆಳವಾಯಿತೇ? ಹಾಗೆ ಯೋಚಿಸುತ್ತ ತಲೆ ತಗ್ಗಿಸುವಷ್ಟರಲ್ಲಿ ಮೇಜು ಕಣ್ಣಿಗೆ ಬಿತ್ತು. ಬಿದಿರಿನ ಮೊರದಲ್ಲಿ ಹಿಟ್ಟು ಹಾಗೇ ಇತ್ತು. ಕುಂಕುಮದ ಬೊಟ್ಟು ಕೂಡ ಕದಲಿರಲಿಲ್ಲ.

“ಸಾವ್ಕಾರ್ರ,” ಎಂದಳು, “ನನ್ನ ಕಲ್ಲಿನ ಹಿಟ್ಟು ಅಲ್ಲಿ ಕುಂಕುಮ ಹಚ್ಗೊಂಡು ಮದಲಗಿತ್ತಿ ಹಂಗ ಕುಂತೈತಿ. ಸಾಹೇಬ್ರು ತಿಂದದ್ದು ಯಾವುದ್ರಿ?”

ತಿಪ್ಪೇರುದ್ರಪ್ಪನವರಿಗೆ ಆಗ ಎಲೆ ಅಡಿಕೆ ಹಾಕಿಕೊಳ್ಳುವ ನೆನಪಾಯಿತು.

ಒಲೆಯ ಹತ್ತಿರದಿಂದ ಕೊಟ್ರಬಸಮ್ಮ ಎದ್ದಳು. “ನಾ ಬಡದದ್ದು ಈ ಡಬ್ಬಿ ಹಿಟ್ಟು, ಯಕ್ಕಾ. ಸಾವ್ಕಾರ್ರ ಗಿರಣ್ಯಾಗಿಂದ ಬೆಳಿಗ್ಗೆ ತಂದಿಟ್ರು. ಹುಡುಗ್ರು ಬೀಸಿದ್ದು ನಾಕು ರೊಟ್ಟಿಗೂ ಸಾಲಂಗಿಲ್ಲ ಅಂದ್ರು.” ಡಬ್ಬಿಯ ಮೇಲೆ ಗಿರಣಿಯ ಹೆಸರನ್ನು ಅದೇ ಕೆಂಪು ಎಣ್ಣೆ ಬಣ್ಣದಲ್ಲಿ ಬರೆದಿತ್ತು.

“ಹಿಟ್ಟು ಯಾವುದಾದ್ರೇನು, ಹರಳು ಕಲ್ಲಿಂದೇ ಇರಬೇಕು” ಎಂದರು ತಿಪ್ಪೇರುದ್ರಪ್ಪನವರು. ಅವರ ಕಡೆಯ ಇಬ್ಬರು ಹೌದೆಂದು ತಲೆಯಾಡಿಸಿದರು. ಕಲ್ಲಿನಲ್ಲಿ ಬೀಸದ ಹಿಟ್ಟಿಗೆ ಕಲ್ಲಿನ ಹರಳು ಹೇಗೆ ಹೋಯಿತೆಂದು ಅವರಿಬ್ಬರೂ ಕೇಳಲಿಲ್ಲ.

ಸುಂಕಲಮ್ಮ ಎರಡು ಹಿತ್ತಾಳೆ ಪರಾತ ಕೇಳಿ ತರಿಸಿದಳು. ಒಂದಕ್ಕೆ ಡಬ್ಬಿಯ ಹಿಟ್ಟು ಒಂದು ಹಿಡಿ, ಇನ್ನೊಂದಕ್ಕೆ ಮೊರದ ಹಿಟ್ಟು ಒಂದು ಹಿಡಿ. ಎರಡಕ್ಕೂ ತುಂಬ ನೀರು. “ಬರ್ರಿ ಹುಡುಗ್ರಾ, ಕೈ ಹಾಕಿ ಕಲಸ್ರಿ” ಎಂದಳು. ಬೆಳಿಗ್ಗೆಯಿಂದ ನೀರು ಕಡೆದಿದ್ದ ಮೂರನೇ ತರಗತಿಯವರು ನುಗ್ಗಿದರು. ಕಲಸಿದ ಮೇಲೆ ಬಿಳಿ ನೀರನ್ನು ಮೆಲ್ಲಗೆ ಬಗ್ಗಿಸಿ ಚೆಲ್ಲಿಸಿದಳು. ಮತ್ತೆ ನೀರು, ಮತ್ತೆ ಚೆಲ್ಲುವುದು. ಹಗುರವಾದದ್ದೆಲ್ಲ ಹೋಗಿ ತಳದಲ್ಲಿ ಭಾರದ್ದು ಮಾತ್ರ ಉಳಿಯಿತು.

“ಈಗ ಬೆರಳಿಲೆ ತಿಕ್ಕ್ರಿ. ಮಾತಾಡಬ್ಯಾಡ್ರಿ, ಕಿವಿ ಕೊಡ್ರಿ.”

ಮೊರದ ಹಿಟ್ಟಿನ ಪರಾತ ಮೆತ್ತಗೆ ಸುಮ್ಮನಿತ್ತು. ಡಬ್ಬಿಯ ಹಿಟ್ಟಿನ ಪರಾತ ಕರಕರ ಎಂದಿತು. ಮಕ್ಕಳಿಗೆ ಅದು ಬಹಳ ಹಿಡಿಸಿತು. “ಇದು ಹಲ್ಲು ಕಡೀತೈತಿ, ಇದು ಹಲ್ಲು ಕಡೀತೈತಿ!” ಎಂದು ಕೂಗಿದರು. ಅಪ್ಪಂದಿರು ಬಗ್ಗಿ ತಿಕ್ಕಿ ನೋಡಿದರು. ಅತಿಥಿ ಸಾಹೇಬರೂ ಒಂದು ಬೆರಳು ಹಾಕಿದರು. ಇಡೀ ದಿನದಲ್ಲಿ ದೊಡ್ಡವರು ಕೈಯಾರೆ ಮಾಡಿದ ಕೆಲಸ ಅದೊಂದೇ. ಅದೂ ಪಟ್ಟಿಯಲ್ಲಿರಲಿಲ್ಲ.

“ಗಿರಣಿ ಹಿಟ್ಟಿಗೆ ಹರಳು ಎಲ್ಲಿಂದ ಬಂತು?” ಎಂದರು ಮಾಸ್ತರು, ನಿಜವಾಗಿಯೂ ತಿಳಿಯದೆ.

ಅದಕ್ಕೆ ಉತ್ತರ ಕೊಟ್ಟವಳು ನಮ್ಮ ಅವ್ವ. ಬಣ್ಣದ ಸಿಟ್ಟು ಅವಳಲ್ಲಿ ಇನ್ನೂ ಬಿಸಿಯಾಗಿತ್ತು. “ಗಿರಣ್ಯಾಗೂ ಇರಾದು ಕಲ್ಲ ಅಲ್ಲೇನ್ರಿ ಸರ? ನಿನ್ನೆ ಗಿರಣಿ ಬಾಗ್ಲಾ ಹಾಕಿ ‘ಕಲ್ಲು ಕಟೆಯುವ ಕೆಲಸ ಇದೆ’ ಅಂತ ಹಲಿಗಿ ತೂಗ ಹಾಕಿದ್ರಲ್ಲ. ನಮ್ಮ ಕಲ್ಲು ಸಾಲ್ಯಾಗಿತ್ತಂತ ನಾ ಡಬ್ಬಿ ಹೊತಗೊಂಡು ಹೋಗಿ ಹೊಳ್ಳಿ ಬಂದೆ. ಏನ್ರಿ ತಿಪ್ಪೇರುದ್ರಪ್ಪನೋರ, ಹೊಸಾ ಕಚ್ಚಿನ ಮದಲನೇ ಹಿಟ್ಟು ಯಾರಿಗೆ ಕೊಟ್ರಿ?”

“ಗಿರಾಕಿಗೆ ಕೊಡಾಕ ಬರಂಗಿಲ್ಲಲ್ಲವಾ ಅದು!” ಎಂದರು ತಿಪ್ಪೇರುದ್ರಪ್ಪನವರು, ದನಿ ಏರಿಸಿ. “ದಾನ ಕೊಟ್ಟದ್ದಕ್ಕೂ ಹೆಸರಿಡ್ತೀರೇನು ನೀವು?”

ಹೇಳಿಯಾದ ಮೇಲೆ ಅವರಿಗೇ ತಿಳಿಯಿತು, ಏನು ಹೇಳಿದೆನೆಂದು. ಮೈಕು ಇನ್ನೂ ಅಲ್ಲೇ ಇತ್ತು.

ಅಕ್ಕನಾಗಮ್ಮ ಬಾಯಿಗೆ ಹಿಡಿದ ಸೆರಗು ತೆಗೆದು ಮೊದಲು ನಕ್ಕಳು. ಆಮೇಲೆ ಸಿರುಗುಪ್ಪದವರು. ಸುಂಕಲಮ್ಮ ನಗಲಿಲ್ಲ. ಮೊರದಲ್ಲಿ ಉಳಿದ ಹಿಟ್ಟನ್ನು ಕುಂಕುಮ ಬಿಡಿಸಿ ಕೊಟ್ರಬಸಮ್ಮನ ಕೈಗೆ ಕೊಟ್ಟಳು. ಮೂರು ರೊಟ್ಟಿಯಾದವು. ಅದನ್ನು ಸಾಹೇಬರಿಗೆ ಕೊಡಬೇಕೆಂದು ಮಾಸ್ತರು ತಟ್ಟೆ ಹಿಡಿದು ಬಂದರು. “ಬೀಸಿದೋರು ಯಾರು ಸರ?” ಎಂದು ಕೇಳಿ, ಚೂರು ಚೂರು ಮಾಡಿ ಮಕ್ಕಳಿಗೆ ಹಂಚಿದಳು. ಮಿಕ್ಕ ಒಂದು ಚೂರನ್ನು ಸಾಹೇಬರಿಗೂ ಕೊಟ್ಟಳು. ಅವರು ಅದನ್ನು ಬಹಳ ಹೊತ್ತು, ಒಂದೇ ಕಡೆಯ ಹಲ್ಲಿನಲ್ಲಿ, ಎಚ್ಚರದಿಂದ ಅಗಿದು “ಚೆನ್ನಾಗಿದೆ” ಎಂದರು.

ಕೊನೆಗೆ ಸನ್ಮಾನ ಇತ್ತು. ಶಾಲು ತಿಪ್ಪೇರುದ್ರಪ್ಪನವರಿಗೇ ಆಯಿತು. ಅವರ ಹೆಸರು ಅಚ್ಚಾಗಿತ್ತು, ಏನೂ ಮಾಡುವಂತಿರಲಿಲ್ಲ. ಸುಂಕಲಮ್ಮನಿಗೆ ಒಂದು ತೆಂಗಿನಕಾಯಿ ಕೊಟ್ಟರು. ಒಳ್ಳೆಯ ಕಾಯಿ, ಒಡೆದಾಗ ನೀರು ಸಿಹಿಯಾಗಿತ್ತೆಂದು ಹೇಳಿದಳು. ಸಮಿತಿಯ ವರದಿಯಲ್ಲಿ ‘ರೊಟ್ಟಿಯನ್ನು ಎಲ್ಲರೂ ಸವಿದರು’ ಎಂದಿದೆ.

ಈಗ ಅವಳಿಗೆ ಹದಿಮೂರು ಮನೆ. ಹೆಚ್ಚಿದ ಎರಡು ಮನೆಯವರು ಅವತ್ತು ಪರಾತದಲ್ಲಿ ಬೆರಳು ಹಾಕಿದ ಮಕ್ಕಳ ಕಾಟ ತಾಳದೆ ಅಟ್ಟದ ಮೇಲಿನ ಕಲ್ಲನ್ನು ಕೆಳಗಿಳಿಸಿದವರು. ಹೂಕುಂಡದ ಕಲ್ಲು ಮಾತ್ರ ಹಾಗೇ ಆರಾಮವಾಗಿದೆ. ಗಿರಣಿಯ ಮುಂದಿನ ಸಾಲೇನೂ ಕರಗಿಲ್ಲ, ಸುಳ್ಳು ಬರೆಯಬಾರದು. ಆದರೆ ಸಾಲಿನಲ್ಲಿ ನಿಂತ ಹೆಂಗಸರು, “ಕಲ್ಲು ಯಾವಾಗ ಕಟಿಸಿದ್ರಿ? ತೌಡು ಹಾಕಿದ್ರೇನು?” ಎಂದು ಕೇಳಿಯೇ ಡಬ್ಬಿ ಇಳಿಸುತ್ತಾರೆ. ತಿಪ್ಪೇರುದ್ರಪ್ಪನವರು ಎಲೆ ಅಡಿಕೆ ಅಗಿಯುತ್ತ ಹೂಂ ಎನ್ನುತ್ತಾರೆ. ಅವರ ಹೂಂ ನಂಬದವರು ಒಂದು ಚಿಟಿಕೆ ಹಿಟ್ಟನ್ನು ಹಲ್ಲಿಗೆ ತಿಕ್ಕಿ ನೋಡುತ್ತಾರೆ.

ನಮ್ಮ ಕಲ್ಲು ಮನೆಗೆ ಬಂದಿದೆ, ಬೀಸಿ ಬೀಸಿ ಮುಖ ಮತ್ತೆ ನುಣುಪಾಗಿದೆ, ಪಟ್ಟೆ ಮಾತ್ರ ಇನ್ನೂ ಹೋಗಿಲ್ಲ. ನಾಳೆ ಬೆಳಿಗ್ಗೆ ಅದನ್ನು ಕಟೆಯಲು ಸುಂಕಲಮ್ಮ ಬರುತ್ತಾಳೆ. ಅವಳು ಕೆಲಸ ಮಾಡುವಾಗ ಇದನ್ನು ಪೂರ್ತಿ ಓದಿ ಹೇಳುತ್ತೇನೆ, ತಪ್ಪೆಂದ ಕಡೆ ತಿದ್ದುತ್ತೇನೆ. ಆಮೇಲೆ ತೌಡು ಹಾಕಿ ಮೂರು ಸಲ ಬೀಸುತ್ತೇನೆ.